ಮಗುವಿನ ಬರವಣಿಗೆಗೆ ಪಠ್ಯಕ್ರಮ ಆರಿಸುವ ಮುನ್ನ

ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ಈ ಮೂರು ವರ್ಷಗಳಲ್ಲಿ ಗಣಿತಕ್ಕೋ ಪರಿಸರ ಅಧ್ಯಯನಕ್ಕೋ ಪುಸ್ತಕ ಆರಿಸುವುದು ನನಗೆ ಕಷ್ಟವಾಗಲಿಲ್ಲ. ಬರವಣಿಗೆಗೆ ಯಾವ ಪಠ್ಯಕ್ರಮ ಹಿಡಿಯಬೇಕೆಂಬುದು ಮಾತ್ರ ಬಹಳ ಕಾಡಿತು. ಹೋಮ್‌ಸ್ಕೂಲಿಂಗ್ ಮಾಡುವ ಬೇರೆ ತಾಯಂದಿರೂ ಹೆಚ್ಚಾಗಿ ಕೇಳುವುದು ಇದನ್ನೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಮಗಳಿಗೆ ಏಳು ತುಂಬಿದಾಗ ಅಮೆರಿಕದ ಒಂದು ಪಠ್ಯಕ್ರಮವನ್ನು ತರಿಸಿ, ಇಂಗ್ಲಿಷ್ ಪಾಠಕ್ಕೆ ಬಳಸುತ್ತಾ, ಕನ್ನಡಕ್ಕೂ ಅದನ್ನೇ ಹೊಂದಿಸಿಕೊಳ್ಳಬಹುದೆಂದು ನಂಬಿದೆ. ಅದು ತಪ್ಪೆಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಮೂರು ಚಿಕ್ಕ ವಾಕ್ಯಗಳನ್ನು ಒಂದಾಗಿಸುವ ಅಭ್ಯಾಸ ಅದರಲ್ಲಿ ವಾರಗಟ್ಟಲೆ ನಡೆಯುತ್ತದೆ. ‘ಆ್ಯಂಡ್’, ‘ಹೂ’, ‘ವಿಚ್’ಗಳು ಎಲ್ಲಿ ಬರಬೇಕೆಂಬುದನ್ನು ಇಂಗ್ಲಿಷ್ ಬರೆಯುವ ಮಗು ಕಲಿಯಲೇಬೇಕಾದ್ದರಿಂದ ಅಲ್ಲಿ ಅದು ಸರಿಯೇ. ಆದರೆ ಕನ್ನಡದ ಮಗು ‘ಬೆಕ್ಕು ಬಂದು, ಹಾಲು ಕುಡಿದು, ಮಲಗಿತು’ ಎಂದು ಮಾತು ಕಲಿತಾಗಿನಿಂದಲೂ ಹೇಳುತ್ತಿರುತ್ತದೆ. ನನ್ನ ಮಗಳಿಗೆ ಬೇಕಾಗಿದ್ದುದು ಇದಕ್ಕೆ ತದ್ವಿರುದ್ಧವಾದ ಅಭ್ಯಾಸ: ‘ಹೋಗಿ, ನೋಡಿ, ತಂದು, ಕೊಟ್ಟು’ ಎಂದು ಅರ್ಧ ಪುಟದವರೆಗೆ ಬೆಳೆಯುವ ಸರಪಳಿಯನ್ನು ಎಲ್ಲಿ ತುಂಡರಿಸಿ ಪೂರ್ಣವಿರಾಮ ಇಡಬೇಕೆಂಬುದು. ಅದನ್ನು ಕಲಿಸುವ ಪಾಠ ಆ ಪುಸ್ತಕದಲ್ಲಿರಲು ಸಾಧ್ಯವೇ ಇರಲಿಲ್ಲ.

ಆಮೇಲೆ ನಾನು ಪುಸ್ತಕ ಹುಡುಕುವುದನ್ನು ಬಿಟ್ಟು ಮಗಳನ್ನು ಗಮನಿಸತೊಡಗಿದೆ. ‘ಬರೆಯಲು ಬರುವುದಿಲ್ಲ’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಕೈ ಸೋಲುವುದು ಬೇರೆ, ಕಾಗುಣಿತ ತಿಳಿಯದಿರುವುದು ಬೇರೆ, ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಲು ಆಗದಿರುವುದು ಬೇರೆ. ನನ್ನ ಮಗಳು ಬಾಯಲ್ಲಿ ಧಾರಾಳವಾಗಿ ಹೇಳುತ್ತಿದ್ದಳು. ಪೆನ್ಸಿಲ್ ಹಿಡಿದೊಡನೆ ಎರಡು ವಾಕ್ಯಕ್ಕೆ ನಿಲ್ಲುತ್ತಿದ್ದಳು. ಅಂಥ ಮಗುವಿಗೆ ಪ್ರಬಂಧ ರಚನೆಯ ಪಠ್ಯಕ್ರಮ ಕೊಡುವುದು ಅನ್ಯಾಯವೆಂದೇ ನಾನು ಈಗ ಭಾವಿಸುತ್ತೇನೆ.

ಇಂಗ್ಲೆಂಡಿನ ಶಿಕ್ಷಣ ಚಿಂತಕಿ ಷಾರ್ಲೆಟ್ ಮೇಸನ್ (1842–1923) ಅವರ ಕ್ರಮ ನನಗೆ ಹಿಡಿಸಿದ್ದು ಈ ಕಾರಣಕ್ಕಾಗಿ. ಆರು ವರ್ಷದಿಂದ ಮಗು ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಮರಳಿ ಹೇಳಬೇಕು; ಅದನ್ನೇ ಬರೆದು ಹೇಳುವುದು ಸುಮಾರು ಹತ್ತರ ವಯಸ್ಸಿಗೆ. ಅಲ್ಲಿಯವರೆಗೆ ನೋಡಿ ಬರೆಯುವುದು ಮತ್ತು ಉಕ್ತಲೇಖನ ಕೈಯನ್ನು ಪಳಗಿಸುತ್ತವೆ. ಕಾಪಿ ಬರಹವೂ ಉಕ್ತಲೇಖನವೂ ನಮ್ಮ ಶಾಲೆಗಳಲ್ಲಿ ಮೊದಲಿನಿಂದ ಇದ್ದವೇ. ಮಗುವಿನ ಮಾತನ್ನು ಅವುಗಳ ಪಕ್ಕದಲ್ಲಿ ಕೂರಿಸಿದವರು ಕಡಿಮೆ.

ಈ ಬೇಸಿಗೆಯಲ್ಲಿ ಅವಳ ಅಜ್ಜಿ ಮಾವಿನಕಾಯಿ ಉಪ್ಪಿನಕಾಯಿ ಹಾಕುವುದನ್ನು ನೋಡಿ ಬಂದು ಅವಳು ಹೇಳಿದ್ದನ್ನು ನಾನು ಬರೆದುಕೊಂಡೆ. ‘ಉಪ್ಪಲ್ಲಿ ಹಾಕಿಟ್ರೆ ಮೂರು ದಿನಕ್ಕೆ ನೀರು ಬಿಟ್ಕೊಳ್ಳತ್ತೆ’ ಎಂದು ಅವಳು ಹೇಳಿದ್ದನ್ನು ನಾನು ‘ಬಿಟ್ಟುಕೊಳ್ಳುತ್ತದೆ’ ಎಂದು ತಿದ್ದಿ ಬರೆದಿದ್ದೆ. ಓದಿ ನೋಡಿ, ‘ಅಮ್ಮ, ಇದು ನಾನು ಹೇಳಿದ್ದಲ್ಲ’ ಎಂದಳು. ಆ ಮಾತು ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಆಡುಮಾತಿಗೂ ಗ್ರಂಥಸ್ಥ ಕನ್ನಡಕ್ಕೂ ಇರುವ ಅಂತರವನ್ನು ದಾಟುವುದೇ ನಮ್ಮ ಮಕ್ಕಳ ದೊಡ್ಡ ಕೆಲಸ. ಅದನ್ನು ಮಗುವಿನ ಮಾತನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮಾಡಿಸಬಾರದು. ಈಗ ಅವಳು ಹೇಳಿದ್ದು ಒಂದು ನೋಟ್‌ಬುಕ್ಕಿನಲ್ಲಿ ಹೇಳಿದಂತೆಯೇ ಇರುತ್ತದೆ. ಒಳ್ಳೆಯ ಪುಸ್ತಕದಿಂದ ದಿನಕ್ಕೆ ಮೂರು ಸಾಲು ನೋಡಿ ಬರೆಯುವ ಇನ್ನೊಂದು ನೋಟ್‌ಬುಕ್ಕಿನಿಂದ ‘ಹೋಗುತ್ತೇನೆ’, ‘ಬರುತ್ತದೆ’ಗಳು ತಾವಾಗಿಯೇ ಮೊದಲನೆಯದಕ್ಕೆ ಬರತೊಡಗಿವೆ.

ಉಕ್ತಲೇಖನದ ಉದ್ದೇಶವೂ ಕನ್ನಡದಲ್ಲಿ ಬೇರೆಯೇ ಆಗುತ್ತದೆ. ಇಂಗ್ಲಿಷಿನಲ್ಲಿ ಅದರ ಬಹುಪಾಲು ಸ್ಪೆಲಿಂಗ್‌ಗೇ ಹೋಗುತ್ತದೆ. ನಮ್ಮಲ್ಲಿ ಉಚ್ಚರಿಸಿದಂತೆ ಬರೆಯುವುದರಿಂದ ತೊಡಕುಗಳು ಕೆಲವೇ ಕಡೆ: ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ಮತ್ತು ಅರ್ಕಾವತ್ತು. ‘ಅರ್ಧ’ದಲ್ಲಿ ಮೊದಲು ಕೇಳುವ ರಕಾರವನ್ನು ಧಕಾರದ ನಂತರ ಬರೆಯಬೇಕೆಂಬುದು ಎಂಟರ ಮಗುವಿಗೆ ನಿಜವಾಗಿಯೂ ವಿಚಿತ್ರ. ಇಂಥವನ್ನು ಹಿಂದಿನ ದಿನವೇ ತೋರಿಸಿ, ಎರಡು ವಾಕ್ಯವನ್ನಷ್ಟೇ ಹೇಳಿ ಬರೆಸಿದರೆ ಸಾಕು.

ಇನ್ನೂ ಅಕ್ಷರದ ಹಂತದಲ್ಲಿರುವ ಮಕ್ಕಳ ಪೋಷಕರಿಗೆ ನಮ್ಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಲ್ಲಿರುವ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನು ನೋಡಲು ಹೇಳುತ್ತೇನೆ. ವರ್ಣಮಾಲೆಯ ಕ್ರಮ ಬಿಟ್ಟು ಅದು ‘ರ, ಗ, ಸ, ದ, ಅ’ದಿಂದ ಆರಂಭಿಸುತ್ತದೆ. ಐದೇ ಅಕ್ಷರ ಬಂದರೆ ಮಗು ಸರ, ಅಗಸ, ಗರಗಸ ಎಂದು ಬರೆಯಬಲ್ಲದು.

‘ಪರೀಕ್ಷೆಗೆ ಪ್ರಬಂಧ ಬರೆಯಬೇಕಲ್ಲ’ ಎಂಬ ಆತಂಕ ನನಗೂ ಇತ್ತು. ಶಾಲೆಗೆ ಹೋಗದವರೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಸೆಕೆಂಡರಿ, ಅಂದರೆ ಹತ್ತನೇ ತರಗತಿ ಮಟ್ಟದ, ಕೋರ್ಸಿಗೆ ಸೇರಲು ಕನಿಷ್ಠ 14 ವರ್ಷ ತುಂಬಿರಬೇಕು. ಅಲ್ಲಿ ಕನ್ನಡವನ್ನೂ ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು. ಅಂದರೆ ನಮ್ಮ ಕೈಯಲ್ಲಿ ಇನ್ನೂ ಆರು ವರ್ಷಗಳಿವೆ. ಹಸುವಿನ ಬಗ್ಗೆ ಹತ್ತು ಸಾಲು ಬಾಯಿಪಾಠ ಮಾಡಿಸಿ ಅದನ್ನು ಪ್ರಬಂಧವೆಂದು ಕರೆಯುವ ಅವಸರ ನನಗೆ ಬೇಡ.

ಜೂನ್‌ನಿಂದ ಪತ್ರ ಬರೆಯುವುದನ್ನು ಸೇರಿಸುತ್ತಿದ್ದೇವೆ. ಮೊದಲನೆಯದು ಧಾರವಾಡದಲ್ಲಿರುವ ಅವಳ ಸೋದರತ್ತೆಗೆ, ಉಪ್ಪಿನಕಾಯಿಯ ವಿಷಯವಾಗಿಯೇ. ‘ಬಿಟ್ಕೊಳ್ಳತ್ತೆ’ ಎಂದು ಬರೆಯಬೇಕೋ ‘ಬಿಟ್ಟುಕೊಳ್ಳುತ್ತದೆ’ ಎಂದೋ ಎಂಬುದನ್ನು ಅವಳೇ ನಿರ್ಧರಿಸಲಿ ಎಂದು ಬಿಟ್ಟಿದ್ದೇನೆ.