ಮಳೆ ದೇವರ ಖಾತೆ, ರಸ್ತೆ ಯಕ್ಷಿಣಿಯರ ಖಾತೆ

ಐರ್ಲೆಂಡಿನ ಕೆರ್ರಿ ಜಿಲ್ಲೆಯ ಕಿಲ್‌ಗಾರ್ವನ್‌ನಲ್ಲಿ ಡ್ಯಾನಿ ಹೀಲಿ-ರೇ ಅಂತ ಒಬ್ಬರಿದ್ದಾರೆ. ಹೊಲ ಇದೆ, ಜೆಸಿಬಿ ಬಾಡಿಗೆಗೆ ಬಿಡುವ ವ್ಯವಹಾರ ಇದೆ, ಸ್ವಂತ ಪಬ್ ಇದೆ. ತಲೆ ಮೇಲೆ ಟೋಪಿ. 2016ರಿಂದ ಸಂಸತ್ತಿನಲ್ಲಿ ಕುರ್ಚಿಯೂ ಇದೆ.

ಕೆರ್ರಿ ಜಿಲ್ಲಾ ಕೌನ್ಸಿಲರ್ ಆಗಿದ್ದಾಗ, 2013ರಲ್ಲಿ, ಅವರೊಂದು ನಿರ್ಣಯ ತಂದರು. ಹಳ್ಳಿಯ ಒಂಟಿ ಮುದುಕರು ಪಬ್ಬಿಗೆ ಬಂದು ಎರಡು ಮೂರು ಗ್ಲಾಸ್ ಹಾಕಿ, ಮೆಲ್ಲಗೆ ಕಾರು ಓಡಿಸಿಕೊಂಡು ಮನೆ ಸೇರೋದಕ್ಕೆ ಪೊಲೀಸರೇ ಪರ್ಮಿಟ್ ಕೊಡಬೇಕಂತೆ! ಪರ 5 ಮತ, ವಿರುದ್ಧ 3. ಅಲ್ಲಿದ್ದ ಇನ್ನು 7 ಜನ ಸುಮ್ನೆ ಕೂತರು. ನಿರ್ಣಯ ಪಾಸು. ಮುದುಕರ ಒಂಟಿತನ ನಿಜವೇ, ಬೇಡ ಅನ್ನಲ್ಲ. ಆದರೆ ಬಸ್ಸು ಕೇಳಬಹುದಿತ್ತು ಅಲ್ವಾ? ಪಬ್ ಮಾಲೀಕರಿಗೆ ಪರ್ಮಿಟ್ಟೇ ಮೊದಲು ಹೊಳೆಯಿತು. ಡಬ್ಲಿನ್‌ನ ಕಾನೂನು ಮಂತ್ರಿ ಆಗಲ್ಲ ಅಂದುಬಿಟ್ಟರು.

ಸಂಸತ್ತಿಗೆ ಹೋದ ವರ್ಷವೇ ಹವಾಮಾನದ ಚರ್ಚೆ ಬಂತು. ಹವಾಮಾನ ಮೇಲಿರೋ ದೇವರ ಕೈಯಲ್ಲಿದೆ, ಇಲ್ಲಿ ಕೂತ ನಾವೇನೂ ಮಾಡೋಕಾಗಲ್ಲ ಎಂದರು. ಸಾಕ್ಷಿಗೆ ಬೈಬಲ್ಲಿನ ಪ್ರಳಯದ ಕಥೆಯ ನೋಹನ ಹಡಗನ್ನೂ ಕರೆತಂದರು. ಒಂದು ಖಾತೆ ಕಮ್ಮಿಯಾಯಿತು.

2017ರಲ್ಲಿ ರಸ್ತೆಯ ಸರದಿ. ಕಿಲಾರ್ನಿಯಿಂದ ಕಾರ್ಕ್‌ಗೆ ಹೋಗುವ ಎನ್22 ಹೆದ್ದಾರಿ ಒಂದು ಕಡೆ ಕುಸಿದಿತ್ತು. ಸರಿ ಮಾಡಿದರು, ಮತ್ತೆ ಕುಸಿಯಿತು. ಅಡಿ ಮಣ್ಣು ಸರಿಯಿಲ್ಲ ಅಂತ ಕೌನ್ಸಿಲ್ ಹೇಳಿತು. ಡ್ಯಾನಿಯವರ ತೀರ್ಪೇ ಬೇರೆ: ಹತ್ತಿರದಲ್ಲೇ ಯಕ್ಷಿಣಿಯರ ಕೋಟೆಗಳಿವೆ, ಇದು ಅವರದೇ ಕೆಲಸ! ಕೋಟೆ ಅಂದರೆ ಹಳೇ ಕಾಲದ ದುಂಡನೆಯ ಮಣ್ಣಿನ ದಿಬ್ಬ, ಮೇಲೆ ಮುಳ್ಳಿನ ಮರ. ಐರ್ಲೆಂಡಿನ ರೈತರು ಅದನ್ನು ಮುಟ್ಟೋಕೆ ಇವತ್ತಿಗೂ ಹೆದರುತ್ತಾರೆ. ಡ್ಯಾನಿಯವರಂತೂ ಉಪವಾಸ ಬಿದ್ದರೂ ಅಂಥ ಕೋಟೆ ಕೆಡವಲ್ಲ ಎಂದರು. ಊರೆಲ್ಲ ಅಗೆಯುವ ಜೆಸಿಬಿ ಅಲ್ಲಿ ಮಾತ್ರ ಕೈಮುಗಿದು ನಿಲ್ಲುತ್ತೆ.

ತಮಾಷೆ ಏನಂದ್ರೆ, ಈ ಮನೆತನ ಬೆಳೆದಿದ್ದೇ ರಸ್ತೆಯಿಂದ. ಅಪ್ಪ ಜಾಕಿ 1997ರಲ್ಲಿ ಪಕ್ಷೇತರರಾಗಿ ಗೆದ್ದು, ಆಗಿನ ಪ್ರಧಾನಿ ಬರ್ಟಿ ಅಹರ್ನ್ ಅವರ ಅಲ್ಪಮತದ ಸರ್ಕಾರಕ್ಕೆ ಬೆಂಬಲ ಕೊಟ್ಟು, ಬದಲಿಗೆ ಊರಿಗೆ ರಸ್ತೆ ಹಾಕಿಸಿಕೊಂಡ ಗಟ್ಟಿಗ. ಆಗ ಯಕ್ಷಿಣಿಯರು ಬಹುಶಃ ವಿರೋಧ ಪಕ್ಷದಲ್ಲಿದ್ದರು.

2024ರಲ್ಲೂ ಜನ ಡ್ಯಾನಿಯವರನ್ನೇ ಗೆಲ್ಲಿಸಿದರು. 2025ರಲ್ಲಿ ಅವರ ತಮ್ಮ ಮೈಕಲ್ ರಾಜ್ಯ ಸಚಿವರಾದರು. ಸಿಕ್ಕಿದ್ದು ಅರಣ್ಯದ ಜವಾಬ್ದಾರಿ. ಇನ್ನು ಮುಳ್ಳಿನ ಮರ ಕಡಿಯೋರು ಮೊದಲು ಅಣ್ಣನ ಹತ್ತಿರ ಎನ್‌ಒಸಿ ತರಬೇಕು.