ಬೋರ್ಡ್ ಹೋಗಿರಲಿಲ್ಲ ಕಣಪ್ಪಾ, ನೀನು ನೋಡಲೇ ಇಲ್ಲ

ಫೋನ್ ಚಾರ್ಜ್ ಆಗುತ್ತಿಲ್ಲ ಅಂತ ನಿನ್ನೆ ಮೊಬೈಲ್ ಅಂಗಡಿಗೆ ತಗೊಂಡು ಹೋದರೆ, ಅಲ್ಲಿನ ಹುಡುಗ ಹೇಳಿದ್ದು: ಒಳಗಿನ ಬೋರ್ಡ್ ಹೋಗಿದೆಯಂತೆ. ಎಲ್ಲಿಗೆ ಹೋಗಿದೆ? ಹೊಲಿಗೆ ಮೆಷಿನ್ ಪಕ್ಕ ಚಾರ್ಜ್‌ಗೆ ಹಾಕಿಕೊಂಡು ಇದೇ ಫೋನಿನಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. 64 ಪರ್ಸೆಂಟ್. ಸತ್ತ ಬೋರ್ಡ್ ಹೀಗೆ ಚಾರ್ಜ್ ಆಗುತ್ತಾ? ಯಾರಾದರೂ ಹೇಳಿ.

ನಿನ್ನೆ ಸಂಜೆಯಿಂದ ಹೊಟ್ಟೆ ಉರಿಯುತ್ತಿದೆ. "ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯ, ಬಿಡು" ಅಂದರು ಮನೆಯವರು. ಬಿಟ್ಟೆ ಅಂದುಕೊಂಡೆ. ರಾತ್ರಿ 12ಕ್ಕೆ ಮತ್ತೆ ಎದ್ದು ಕೂತೆ.

ಆ ಅಂಗಡಿ ಹುಡುಗ ಫೋನನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುತ್ತಾರಲ್ಲ, ಹಾಗೆ. ತಿರುಗಿಸಿ ಕೆಳಗಡೆ ನೋಡಿದ. "ಏನ್ ಆಂಟಿ, ಇನ್ನೂ ಹಳೇ ಚಾರ್ಜರ್ ಪಿನ್ನಾ?" ಅಂತ ಅಂಗಡಿಗೆಲ್ಲಾ ಕೇಳುವ ಹಾಗೆ ಅಂದ. ನಾನು ಬಾಯಿ ತೆಗೆಯುವ ಮೊದಲೇ ಒಳಗೆ ಕೂತಿದ್ದ ಇನ್ನೊಬ್ಬನಿಗೆ ಎತ್ತಿ ತೋರಿಸಿ, "ಲೋ, ನೋಡೋ ಇಲ್ಲಿ, ನಮ್ಮಣ್ಣ ಪಿಯುಸಿಲಿ ಇಟ್ಕೊಂಡಿದ್ದ ಫೋನು" ಅಂದ. ಇಬ್ಬರೂ ನಕ್ಕರು. ಟೆಂಪರ್ಡ್ ಗ್ಲಾಸ್ ಹಾಕಿಸುತ್ತಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿದರು. ಅದೂ ಹಾಳಾಗಲಿ. ನನ್ನ ಹಿಂದೆಯೇ ನಮ್ಮ ಟೀಚರಮ್ಮ ನಿಂತಿದ್ದರು, 6 ವರ್ಷದಿಂದ ನನ್ನ ಹತ್ತಿರ ಬ್ಲೌಸ್ ಹೊಲಿಸುವವರು. ಅವರು ಏನೂ ಕಾಣದವರ ಹಾಗೆ ರಸ್ತೆ ಕಡೆ ಮುಖ ತಿರುಗಿಸಿಕೊಂಡರು. ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದೆ. ಆ ಮುಖ ತಿರುಗಿಸಿಕೊಂಡದ್ದು ಇನ್ನೂ ಕಣ್ಣ ಮುಂದೆ ಇದೆ.

"ಬೋರ್ಡ್ ಹೋಗಿದೆ ಆಂಟಿ. ಎಸೀರಿ ಅತ್ಲಾಗೆ. ಇದರಲ್ಲಿ ಇನ್ನು ವಾಟ್ಸಾಪೂ ಬರಲ್ಲ. ಎಕ್ಸ್‌ಚೇಂಜ್‌ಗೆ ಬೇಕಾದ್ರೆ 300 ಹಾಕ್ತೀನಿ."

ಒಂದೇ ಒಂದು ಸಲ ಚಾರ್ಜರ್ ಹಾಕಿ ನೋಡಲಿಲ್ಲ. ನನ್ನ ಸಿಟ್ಟೆಲ್ಲಾ ಅಲ್ಲೇ ಇರುವುದು. ಟಾರ್ಚ್ ಬಿಡಲಿಲ್ಲ, ಬೇರೆ ಕೇಬಲ್ ಹಾಕಲಿಲ್ಲ, ಎಷ್ಟು ದಿನದಿಂದ ಹೀಗೆ ಅಂತ ಕೇಳಲಿಲ್ಲ. ನಾಡಿ ಹಿಡಿಯದೆ "ಮನೆಗೆ ಕರ್ಕೊಂಡು ಹೋಗಿ" ಅಂದ ಡಾಕ್ಟರ ಹಾಗೆ. ನಾನೇನು ಮಾಡಿದೆ? "ಆಯ್ತಪ್ಪ, ತೊಂದರೆ ಕೊಟ್ಟೆ" ಅಂದು ಫೋನ್ ಇಸ್ಕೊಂಡು ಬಂದೆ. ತೊಂದರೆ ಕೊಟ್ಟವಳು ನಾನಾ? ಸಾಲಗಾಮೆ ರಸ್ತೆವರೆಗೂ ಆಟೊದಲ್ಲಿ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು.

ಇದು ರೆಡ್ಮಿ ನೋಟ್ 4. 2017ರ ಜನವರಿಯಲ್ಲಿ ಬಂದದ್ದು. 3 ಜಿಬಿ ರ‍್ಯಾಮ್, 32 ಜಿಬಿ ಜಾಗ, ಆಗ 10,999 ರೂಪಾಯಿ. ಬ್ಲೌಸ್ ಹೊಲಿದ ದುಡ್ಡು ಕೂಡಿಟ್ಟು ತಗೊಂಡಿದ್ದು, ಯಾರ ಹತ್ತಿರವೂ ಕೈ ಚಾಚಿಲ್ಲ. ಸ್ನಾಪ್‌ಡ್ರ್ಯಾಗನ್ 625 ಚಿಪ್ಪು, ಎಷ್ಟು ಹೊತ್ತು ಮಾತಾಡಿದರೂ ಕೈ ಸುಡಲ್ಲ. ಬೆನ್ನು ಲೋಹದ್ದು, ಎಷ್ಟು ಸಲ ಮೆಷಿನ್ ಮೇಲಿಂದ ಬಿದ್ದಿದೆಯೋ ಲೆಕ್ಕವಿಲ್ಲ. ಇದರಲ್ಲಿ ಆಂಡ್ರಾಯ್ಡ್ 7 ಇದೆ, ವಾಟ್ಸಾಪ್ ನಡೆಯುತ್ತೆ. ಮೆಮೊರಿ ತುಂಬಿದಾಗ ನಿಧಾನ ಆಗುತ್ತೆ, ಗುಡ್ ಮಾರ್ನಿಂಗ್ ವಿಡಿಯೊಗಳನ್ನೆಲ್ಲಾ ಅಳಿಸಿದರೆ ಮತ್ತೆ ಸರಿ. ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತು ಎಷ್ಟೋ ವರ್ಷ ಆಯಿತು, ಅದು ನನಗೂ ಗೊತ್ತು, ಅದಕ್ಕೇ ಬ್ಯಾಂಕಿನ ಕೆಲಸ ಮನೆಯವರ ಫೋನಿನಲ್ಲಿ ಮಾಡುತ್ತೇನೆ. ಆದರೆ ಇದರೊಳಗೆ ನನ್ನ ಗಿರಾಕಿಗಳ ಅಳತೆ ಚೀಟಿಯ ಫೋಟೊ ಇವೆ, ಕತ್ತಿನ ಡಿಸೈನ್ ಇವೆ. ಹಾಸನಾಂಬೆ ಬಾಗಿಲು ತೆಗೆಯುವ ದಿನ ಹತ್ತಿರ ಬಂತು, ದೀಪಾವಳಿ ಬ್ಲೌಸ್‌ಗಳು ಮೂಟೆ ಕಟ್ಟಿ ಕೂತಿವೆ. ಇದನ್ನು ಎಸೆಯಬೇಕಂತೆ.

ರಾತ್ರಿ ಪಕ್ಕದ ಮನೆಯವರ ಫೋನಿಂದ ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಮಾಡಿದೆ. ಅವನು ಒಂದೇ ಪ್ರಶ್ನೆ ಕೇಳಿದ: "ಅತ್ತೆ, ಪಿನ್ ಪೂರ್ತಿ ಒಳಗೆ ಹೋಗ್ತಿದ್ಯಾ, ಸ್ವಲ್ಪ ಆಚೆ ನಿಲ್ಲುತ್ತಾ?" ನೋಡಿದೆ. ಅಕ್ಕಿ ಕಾಳಿನಷ್ಟು ಆಚೆಗೇ ನಿಲ್ಲುತ್ತಿತ್ತು. ಫೋನ್ ಆಫ್ ಮಾಡು, ಸೂಜಿ ಮಾತ್ರ ಹಾಕಬೇಡ ಅಂದ. ಒಳಗೆ ನಡುವೆ ಒಂದು ಸಣ್ಣ ನಾಲಿಗೆ ಇರುತ್ತೆ, ಅದಕ್ಕೆ 5 ಪಿನ್ನು, ಲೋಹ ತಾಗಿದರೆ ಬಾಗಿಹೋಗುತ್ತೆ, ಶಾರ್ಟ್ ಆಗುತ್ತೆ. ಉರಿದು ಮುಗಿದ ಊದುಬತ್ತಿಯ ಕಡ್ಡಿ ತಗೊಂಡು ಬ್ಲೇಡಿನಲ್ಲಿ ಹೆರೆದು ಚಪ್ಪಟೆ ಮಾಡಿದೆ. ಮೆಲ್ಲಗೆ ಆ ನಾಲಿಗೆಯ ಪಕ್ಕದಿಂದ ಕೆರೆದೆ. ಏನು ಬಂತು ಗೊತ್ತಾ? ಬಟ್ಟೆಯ ನಾರು. ಒತ್ತಿ ಒತ್ತಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು, ಮೇಲೆ ಮರೂನ್, ಅದರ ಕೆಳಗೆ ಗಿಳಿ ಹಸಿರು. ಶ್ರಾವಣದಲ್ಲಿ ಹೊಲಿದ ಬ್ಲೌಸಿನ ಬಣ್ಣ ಅದು. ಆಮೇಲೆ ಪಿನ್ ಹಾಕಿದರೆ ಟಕ್ ಅಂತ ಕೂತುಕೊಂಡಿತು. ಕೆಂಪು ದೀಪ ಬಂತು. ನನಗೆ ಅಳುವೇ ಬಂದುಬಿಟ್ಟಿತು.

10 ನಿಮಿಷದ ಕೆಲಸ. ಆ ಹುಡುಗ ಮಾಡಿಕೊಟ್ಟು 200 ಕೇಳಿದ್ದರೂ ಖುಷಿಯಿಂದ ಕೊಡುತ್ತಿದ್ದೆ.

ಅವನದೂ ತಪ್ಪಿಲ್ಲವೇನೋ. ಹೊಸ ಫೋನ್ ಮಾರಿದರೆ ಕಮಿಷನ್, ಧೂಳು ತೆಗೆದರೆ ಏನು ಸಿಗುತ್ತೆ? ನಮ್ಮ ಮಕ್ಕಳ ವಯಸ್ಸು, ಬಾಯಿಗೆ ಬಂದದ್ದು ಅಂದಿದ್ದಾನೆ, ಬಿಡಿ. ಇಲ್ಲ, ಯಾಕೆ ಬಿಡಬೇಕು? ನನ್ನ ಹತ್ತಿರ 10 ವರ್ಷದ ಹಳೇ ಬ್ಲೌಸ್ ತಂದು ಸಡಿಲ ಮಾಡಿಕೊಡಿ ಅಂದರೆ ನಾನು ಎತ್ತಿ ಹಿಡಿದು ನಗುತ್ತೇನಾ? ಒಳಗೆ ಬಟ್ಟೆ ಬಿಟ್ಟಿದ್ದಾರಾ ಅಂತ ಹೊಲಿಗೆ ತಿರುಗಿಸಿ ನೋಡುತ್ತೇನೆ. ಆಗಲ್ಲ ಅಂದರೆ ನೋಡಿದ ಮೇಲೆ ಹೇಳುತ್ತೇನೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕು ಅಂತ ಒಂದು ಪೋರ್ಟಲ್ಲೇ ಶುರು ಮಾಡಿದೆ. ಹಕ್ಕು ದೆಹಲಿಯಲ್ಲಿದ್ದರೆ ನಮ್ಮ ಬಿ.ಎಂ. ರಸ್ತೆಯ ಕೌಂಟರ್ ಮುಂದೆ ನಿಂತವಳಿಗೆ ಏನು ಬಂತು? ಯಾರಾದರೂ ಉತ್ತರ ಕೊಡಿ. ಅಂಗಡಿ ಇಟ್ಟುಕೊಂಡವರೇ ಕೊಡಿ.

ಇವತ್ತು ಬೆಳಿಗ್ಗೆ ಟೀಚರಮ್ಮ ಬ್ಲೌಸ್ ತಗೊಳ್ಳೋಕೆ ಬಂದರು. "ಹೊಸ ಫೋನ್ ತಗೊಂಡ್ರಾ?" ಅಂತ ಮೆತ್ತಗೆ ಕೇಳಿದರು. ಸರಿಯಾಯಿತು ಅಂತ ಹೇಳಬಹುದಿತ್ತು, ಆ ನಾರಿನ ಉಂಡೆಯನ್ನೂ ತೋರಿಸಬಹುದಿತ್ತು, ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ. ನನ್ನ ಕೈ ಮಾತ್ರ ತಾನೇ ಹೋಗಿ ಫೋನಿನ ಮೇಲೆ ಲೈನಿಂಗ್ ಬಟ್ಟೆ ಮುಚ್ಚಿತು.

ಈಗ ಒಂದು ಸಹಾಯ ಬೇಕು. ಬ್ಯಾಟರಿ ನಿಜವಾಗಿಯೂ ಸೋತಿದೆ, 20 ಪರ್ಸೆಂಟ್‌ಗೆ ಬಂದ ಕೂಡಲೇ ಆಫ್ ಆಗುತ್ತೆ. 4100 ಎಂಎಎಚ್ ಬ್ಯಾಟರಿ, ನಂಬರ್ ಬಿಎನ್43. ಬಿಎನ್41 ಕೊಟ್ಟು ಕಳಿಸಬೇಡಿ, ಅದು ಮೀಡಿಯಾಟೆಕ್ ಚಿಪ್ಪಿನ ನೋಟ್ 4ರದ್ದು, ಇದಕ್ಕಲ್ಲ. ಹಾಸನದಲ್ಲಿ ಯಾರ ಹತ್ತಿರ ಇದೆ? ನಾನು ಎದುರಿಗೇ ಕೂತಿರುತ್ತೇನೆ, ಕೇಳಿದಷ್ಟು ದುಡ್ಡು ಕೊಡುತ್ತೇನೆ. ಆಂಟಿ ಅಂದರೂ ಪರವಾಗಿಲ್ಲ. ಹೇಳುವ ಮೊದಲು ಒಂದು ಸಲ ಬಿಚ್ಚಿ ನೋಡುವವರು ಬೇಕು.