ಇನ್ನೊಂದು ತೋಳ ಯಾಕೆ ಬೇಕಿತ್ತು?

ಮನುಷ್ಯ ತೋಳವಾಗುವ ಕಥೆಯ 1941ರ ಹಾಲಿವುಡ್ ಚಿತ್ರ 'ದಿ ವುಲ್ಫ್ ಮ್ಯಾನ್' ಇಷ್ಟಪಟ್ಟವರು 2010ರ ಅದರ ರೀಮೇಕ್ ನೋಡಿದರೆ ಹೊಟ್ಟೆ ಉರಿಯುತ್ತದೆ. ನನಗಂತೂ ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಳೆಯದು ಸುಮಾರು 70 ನಿಮಿಷದ ಕಪ್ಪು-ಬಿಳುಪು ಚಿತ್ರ. ನಾಯಕ ಲಾನ್ ಚೇನಿ ಜೂನಿಯರ್ ಮೊದಲ ಸಲ ತೋಳವಾಗುವಾಗ ಮುಖ ಬದಲಾಗುವುದನ್ನು ತೋರಿಸುವುದೇ ಇಲ್ಲ. ಕಾಲಿನ ಮೇಲೆ ಕೂದಲು ದಟ್ಟವಾಗುತ್ತದೆ, ಪಾದ ಪಂಜವಾಗುತ್ತದೆ, ಅಷ್ಟೇ. ಉಳಿದದ್ದನ್ನು ನಮ್ಮ ಭಯವೇ ತುಂಬಿಕೊಳ್ಳುತ್ತದೆ.

ರೀಮೇಕ್‌ನಲ್ಲಿ ರಿಕ್ ಬೇಕರ್ ಅಂಥ ದೊಡ್ಡ ಮೇಕಪ್ ಕಲಾವಿದರಿದ್ದರು. ಅವರ ಕೆಲಸಕ್ಕೆ ಆಸ್ಕರ್ ಕೂಡ ಬಂತು, ಅದು ನ್ಯಾಯವೇ. ಆದರೆ ಮನುಷ್ಯ ತೋಳವಾಗುವ ಗಳಿಗೆಯನ್ನೇ ಕಂಪ್ಯೂಟರ್‌ಗೆ ಒಪ್ಪಿಸಿಬಿಟ್ಟರು! ಮೂಳೆ ಮುರಿಯುವ ಸದ್ದು ಜೋರಾಗಿದೆ, ನೋವು ಮಾತ್ರ ನಮಗೆ ತಾಗುವುದಿಲ್ಲ. ಸುಮ್ನೆ ಬೆಚ್ಚಿಬೀಳಿಸುವ ಸದ್ದುಗಳು ಬೇರೆ ಜಾಸ್ತಿ.

ಇದನ್ನೆಲ್ಲ ಸಹಿಸಬಹುದಿತ್ತು. ಕೊನೆಯನ್ನು ಕೆಡಿಸಿದ್ದನ್ನು ಮಾತ್ರ ಆಗುವುದಿಲ್ಲ. ಮೂಲದಲ್ಲಿ ನಾಯಕನ ತಂದೆ ಬೆಳ್ಳಿ ಹಿಡಿಯ ಕೋಲಿನಿಂದ ಮೃಗವನ್ನು ಹೊಡೆದು ಕೊಲ್ಲುತ್ತಾನೆ. ಆಮೇಲೆ ಅವನ ಕಣ್ಣೆದುರೇ ಆ ಮೃಗದ ಮುಖ ಮಗನ ಮುಖವಾಗುತ್ತದೆ. ಇಡೀ ಕಥೆಯ ಜೀವ ಇರುವುದೇ ಅಲ್ಲಿ, ಅಲ್ವಾ? ರೀಮೇಕ್‌ನಲ್ಲಿ ಆ ತಂದೆಯೂ ತೋಳವೇ. ಆಂಥನಿ ಹಾಪ್ಕಿನ್ಸ್ ಅಂಥ ನಟ ಸಿಕ್ಕಿದ್ದರೂ ಅವರನ್ನು ಖಳನನ್ನಾಗಿ ಮಾಡಿದರು. ಉರಿಯುವ ಮನೆಯೊಳಗೆ ಎರಡು ತೋಳಗಳು ಗುದ್ದಾಡುತ್ತವೆ. ಅಪ್ಪನಿಗೆ ಮಗನ ಮೇಲೆ ಪ್ರೀತಿಯೇ ಇಲ್ಲದ ಮೇಲೆ ಯಾರಿಗಾಗಿ ಮರುಗಬೇಕು? ಹೆದರುವುದಕ್ಕೂ ಏನೂ ಉಳಿಯಲಿಲ್ಲ, ಅಳುವುದಕ್ಕೂ ಉಳಿಯಲಿಲ್ಲ.